ಇಪ್ಪತ್ತನೇ ತಾರೀಖಿನ ತನಕ

ನಮ್ಮಪ್ಪ ಹಲ್ಲು ಕಟ್ಟುವವನು. ಮನೆಯ ಮುಂದಿನ ಕೋಣೆಯೇ ಅವನ ಕೆಲಸದ ಜಾಗ. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಊರಿನ ಅರ್ಧ ಜನರ ಬಾಯಿಯ ಪ್ಲಾಸ್ಟರ್ ಅಚ್ಚುಗಳು, ಪ್ರತಿಯೊಂದರ ತಳದಲ್ಲೂ ಪೆನ್ಸಿಲಿನಲ್ಲಿ ಬರೆದ ಒಂದು ನಂಬರು. ಚಿಕ್ಕವಳಿದ್ದಾಗ ನಾನು ಆ ಅಚ್ಚುಗಳನ್ನು ಸಾಲಾಗಿ ಕೂರಿಸಿಕೊಂಡು ಪಾಠ ಹೇಳುತ್ತಿದ್ದೆನಂತೆ. ಹುಟ್ಟಿದಾಗಿನಿಂದ ನನ್ನ ಬಾಯಿಗೆ ಬೀಗವಿಲ್ಲ. ಅದಕ್ಕೇ ಅಪ್ಪ ನನ್ನನ್ನು ಗಿಲಕಿ ಎಂದು ಕರೆದ, ಆ ಹೆಸರೇ ಉಳಿಯಿತು.

ಡಾಕ್ಟರಾಗುತ್ತೇನೆ ಎಂದು ನಾನು ಹೊರಟಾಗ ಓದಿದ್ದೂ ಆ ಕೋಣೆಯಲ್ಲೇ. ಗಟ್ಟಿಯಾಗಿ ಓದದಿದ್ದರೆ ನನ್ನ ತಲೆಗೆ ಏನೂ ಹೋಗುವುದಿಲ್ಲ. ಸಂಜೆ ಅಪ್ಪ ಮೇಣ ಕೆತ್ತುತ್ತಾ ಕೂತಿರುತ್ತಿದ್ದ, ನಾನು ಎದುರಿನ ಸ್ಟೂಲಿನ ಮೇಲೆ ಕೂತು ಓದುತ್ತಿದ್ದೆ. ಅವನು ಮಧ್ಯೆ ಮಧ್ಯೆ, "ತಡಿ ತಡಿ, ಆ ರಕ್ತ ಎಡಗಡೆಗೆ ಹೋಗಿದ್ದು ಯಾಕೆ?" ಎಂದು ಕೇಳುತ್ತಿದ್ದ. ನನಗೆ ಗೊತ್ತಿರದಿದ್ದರೆ ಹಿಂದಿನ ಪುಟ ತಿರುವಿ ಹುಡುಕಬೇಕಾಗುತ್ತಿತ್ತು. ಹೀಗೆ ಎರಡು ವರ್ಷ. ಅವನು ಹದಿನೆಂಟನೇ ವಯಸ್ಸಿಗೇ ಹಲ್ಲಿನ ಕೆಲಸಕ್ಕೆ ಸೇರಿದವನು. ಶಾಲೆಯಲ್ಲಿ ವಿಜ್ಞಾನ ಓದಿ ಪಾಸಾಗಿದ್ದ ಎಂಬುದನ್ನು ನಾವೆಲ್ಲ ಮರೆತೇಬಿಟ್ಟಿದ್ದೆವು. ಅವನೂ ಮರೆತಿದ್ದ ಅಂತ ಕಾಣುತ್ತದೆ.

ಪ್ರವೇಶ ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಆರುನೂರು ಅಂಕಕ್ಕೆ. ಮೊದಲ ಸಲ ಬರೆಯಲು ಹೋದಾಗ, ಗಂಟೆ ಬಾರಿಸಿದ್ದೇ ತಡ, ನನ್ನ ತಲೆ ತೊಳೆದಿಟ್ಟ ಪಾತ್ರೆಯಂತೆ ಖಾಲಿಯಾಯಿತು. ಅಂಗೈ ಬೆವರಿ ಪೆನ್ನು ಜಾರುತ್ತಿತ್ತು. ಕೊನೆಯ ಇಪ್ಪತ್ತು ಪ್ರಶ್ನೆಗಳನ್ನು ಮುಟ್ಟಲೇ ಇಲ್ಲ. ಬಂದಿದ್ದು ನಾನೂರ ಮೂವತ್ತೊಂದು. ಊರಿನ ಮೆಡಿಕಲ್ ಕಾಲೇಜಿನವರು ಹಿಂದಿನ ವರ್ಷ ಸಂದರ್ಶನಕ್ಕೆ ಕರೆದವರಲ್ಲಿ ಎಲ್ಲರಿಗಿಂತ ಕಡಿಮೆ ಅಂಕದವನಿಗೆ ನಾನೂರ ಮೂವತ್ತೆಂಟು ಬಂದಿತ್ತಂತೆ. ಹತ್ತಿರ ಹತ್ತಿರ, ಆದರೆ ಆಚೆ ದಡ.

"ಎರಡನೇ ಸಲ ಬರೀತೀನಿ. ಆದ್ರೆ ಒಬ್ಬಳೇ ಒಳಗೆ ಹೋಗಲ್ಲ," ಎಂದು ನಾನು ಅತ್ತೆ.

"ಸರಿ, ನಾನೂ ಬರ್ತೀನಿ," ಎಂದ ಅಪ್ಪ.

"ಗೇಟಿನ ತನಕ ಬಂದು ಏನು ಪ್ರಯೋಜನ?"

"ಗೇಟಿನ ತನಕ ಯಾಕೆ, ಒಳಗೇ ಬರ್ತೀನಿ. ವಯಸ್ಸಿನ ಮಿತಿ ಇಲ್ವಂತೆ. ನಾನೂ ಒಂದು ಪರೀಕ್ಷೆ ಕಟ್ತೀನಿ. ಸುಮ್ನೆ ಕೂತಿರ್ತೀನಿ, ನಿನಗೆ ಜೊತೆಗೆ."

ಅಮ್ಮ ನಕ್ಕು ನಕ್ಕು ಅವನ ಅರ್ಜಿಯನ್ನು ಎರಡು ನಿಮಿಷದಲ್ಲಿ ಟೈಪ್ ಮಾಡಿದಳು. ಅಮ್ಮ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿ. ಸಾಕ್ಷಿ ಹೇಳುವವರು ಬಾಯಿ ಮುಚ್ಚುವ ಮೊದಲೇ ಮಾತು ಅವಳ ಹಾಳೆಯ ಮೇಲೆ ಬಿದ್ದಿರುತ್ತದೆ.

ಅದೃಷ್ಟ ನೋಡಿ, ಇಬ್ಬರಿಗೂ ಒಂದೇ ಕೋಣೆ ಸಿಕ್ಕಿತು. ಅಪ್ಪ ನನಗಿಂತ ಎರಡು ಬೆಂಚು ಮುಂದೆ. ಗಂಟೆ ಬಾರಿಸಿತು, ಪೆನ್ನು ಮತ್ತೆ ಜಾರತೊಡಗಿತು. ತಲೆ ಎತ್ತಿ ನೋಡಿದರೆ ಅಪ್ಪನ ಬೋಳು ನೆತ್ತಿ, ಅದರ ನಟ್ಟನಡುವೆ ನಾಣ್ಯದಷ್ಟಗಲ ಒಣಗಿದ ಪ್ಲಾಸ್ಟರು. ಬೆಳಗ್ಗೆ ಯಾವುದೋ ಅಚ್ಚು ತೆಗೆದು, ಕೈ ತೊಳೆದವನು ತಲೆ ಒರೆಸುವುದನ್ನು ಮರೆತಿದ್ದ. ನನಗೆ ನಗು ಬಂತು. ಅದನ್ನು ನುಂಗಿಕೊಳ್ಳುವಷ್ಟರಲ್ಲಿ ಭಯ ಎಲ್ಲಿಗೆ ಹೋಯಿತೋ ಹೋಯಿತು. ಆ ದಿನ ಒಂದು ಪ್ರಶ್ನೆಯನ್ನೂ ಬಿಡಲಿಲ್ಲ.

ಅಸಲಿ ಫಜೀತಿ ಶುರುವಾದದ್ದು ಆಮೇಲೆ.

ಕಾಲೇಜು ಅರ್ಜಿ ತೆಗೆದುಕೊಳ್ಳುವುದು ಒಂದನೇ ತಾರೀಖಿನಿಂದ. ಮೊದಲು ಬಂದ ಅರ್ಜಿಯನ್ನು ಮೊದಲು ತೆರೆಯುತ್ತಾರೆ. ಅಂಕ ಒಪ್ಪಿಗೆಯಾದರೆ ಸಂದರ್ಶನಕ್ಕೆ ಕರೆ. ಆ ಕರೆಗಳು ಮುಗಿದವೋ, ಹಿಂದಿನವರಿಗೆ ಬಾಗಿಲು ಬಂದ್. ವರ್ಷಕ್ಕೆ ಒಬ್ಬರಿಗೆ ಒಂದೇ ಅರ್ಜಿ, ಕಳಿಸಿದ ಮೇಲೆ ಅಂಕ ಬದಲಿಸುವಂತಿಲ್ಲ. ಎರಡನೇ ಪರೀಕ್ಷೆಯ ಫಲಿತಾಂಶ ಬರುವುದೋ ಇಪ್ಪತ್ತನೇ ತಾರೀಖಿಗೆ. ಹಳೆಯ ಅಂಕ ಇಟ್ಟುಕೊಂಡು ಮೊದಲ ದಿನವೇ ಸಾಲಿನ ಮುಂದೆ ಹೋಗಿ ನಿಲ್ಲಬೇಕೋ, ಹೊಸ ಅಂಕಕ್ಕೆ ಕಾದು ಸಾಲಿನ ಬಾಲ ಹಿಡಿಯಬೇಕೋ?

ಮೂವತ್ತನೇ ತಾರೀಖಿನ ಸಂಜೆ ಊಟದ ಮೇಜಿನ ಸುತ್ತ ಸಭೆ ಸೇರಿತು. ಅತ್ತೆಯೂ ಬಂದಿದ್ದರು. ಅತ್ತೆ ಅಂದರೆ ಅಪ್ಪನ ಅಕ್ಕ, ಇಪ್ಪತ್ತೆರಡು ವರ್ಷದಿಂದ ಜನರಿಗೆ ಕಾರು ಓಡಿಸಲು ಕಲಿಸುತ್ತಿರುವವರು. ಅವರ ದನಿ ಮಾಮೂಲಿ ಮಾತಿಗೂ ಹಾರ್ನಿನ ಮಟ್ಟದಲ್ಲೇ ಇರುತ್ತದೆ.

"ನುಗ್ಗು!" ಎಂದರು ಅತ್ತೆ. "ಸಂದು ಕಂಡ ತಕ್ಷಣ ನುಗ್ಗಬೇಕು. ಯೋಚನೆ ಮಾಡ್ತಾ ನಿಂತ್ರೆ ಹಿಂದಿನವನು ಬಂದು ಗುದ್ದುತ್ತಾನೆ."

"ಕೈಯಲ್ಲಿ ಸಾಕ್ಷಿ ಇಲ್ದೆ ಕೇಸು ಹಾಕೋದೇ?" ಎಂದಳು ಅಮ್ಮ. "ನಾನೂರ ಮೂವತ್ತೊಂದಕ್ಕೆ ಮೊದಲನೇ ನಂಬರಲ್ಲೇ ತಿರಸ್ಕಾರ ಮಾಡ್ತಾರೆ. ಬೇಗ ತಿರಸ್ಕಾರ ಆಯ್ತು ಅಂತ ಖುಷಿ ಪಡ್ಬೇಕಾ?"

"ನಿಮ್ಮ ಕೋರ್ಟಲ್ಲಿ ಕೇಸು ಮೊಮ್ಮಕ್ಕಳ ಕಾಲಕ್ಕೆ ಮುಗಿಯುತ್ತೆ, ಗೊತ್ತು ಬಿಡು!"

"ನಿಮ್ಮ ಹತ್ರ ಕಲಿತವರು ಎಷ್ಟು ಜನ ನಮ್ಮ ಕೋರ್ಟಿಗೆ ಬಂದಿದಾರೆ, ಅದೂ ನನಗೆ ಗೊತ್ತು ಬಿಡಿ!"

ನಾದಿನಿ ಅತ್ತಿಗೆಯರ ಜಗಳ ಒಂದು ಮಟ್ಟಕ್ಕೆ ಬಂದ ಮೇಲೆ ಅಪ್ಪ ಮೆಲ್ಲಗೆ, "ಗಿಲಕಿ, ಪ್ರಶ್ನೆಪತ್ರಿಕೆ ತಗೊಂಡು ಬಾ. ನೀನು ಏನೇನು ಬರೆದೆ ಅಂತ ನೋಡೋಣ," ಎಂದ.

ನಾವಿಬ್ಬರೂ ಒಂದೊಂದೇ ಪ್ರಶ್ನೆ ಹಿಡಿದು ಕೂತೆವು. ನನ್ನ ಉತ್ತರ, ಅವನ ಉತ್ತರ. ಬಹಳಷ್ಟು ಒಂದೇ. ಹದಿನೇಳು ಕಡೆ ಬೇರೆ ಬೇರೆ. "ಅವೆಲ್ಲ ನಂದೇ ತಪ್ಪಿರುತ್ತೆ ಬಿಡು," ಎಂದು ಅಪ್ಪ, ಇಬ್ಬರೂ ಊಹಿಸಿ ಬರೆದವನ್ನಷ್ಟೇ ಬಿಟ್ಟು, ಗೆರೆ ಎಳೆದು ಕೂಡಿಸಿದ. ನನಗೆ ನಾನೂರ ಅರುವತ್ತರ ಆಸುಪಾಸು ಬರುವ ಲೆಕ್ಕ.

"ಕಾಯ್ತೀನಿ," ಎಂದೆ ನಾನು.

ಅತ್ತೆ ಎದ್ದು ನಿಂತು ಕಾರಿನ ಕೀಲಿಗೊಂಚಲನ್ನು ಮೇಜಿನ ಮೇಲೆ ಕುಕ್ಕಿದರು. "ಆಯ್ತಮ್ಮ, ಕಾಯಿ. ನಾನು ಮಾತ್ರ ದಿನಾ ಫೋನ್ ಮಾಡಿ ತಲೆ ತಿಂತೀನಿ!"

ಆ ಮಾತಿಗೆ ಅವರು ತಪ್ಪಲಿಲ್ಲ. ಎಷ್ಟು ಅರ್ಜಿ ಬಂದವು ಎಂದು ಕಾಲೇಜಿನ ಪುಟದಲ್ಲಿ ಕಾಣುತ್ತಿತ್ತು. ಒಂದನೇ ತಾರೀಖು ಬೆಳಗ್ಗೆ ಹತ್ತಕ್ಕೆ ಸೊನ್ನೆ. ಹತ್ತೂಕಾಲಿಗೆ ಮುನ್ನೂರ ಹನ್ನೆರಡು. ನಾನು ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತೆ, ಎಲ್ಲಿ ತಾವಾಗಿಯೇ ಹೋಗಿ ಒತ್ತಿಬಿಡುತ್ತವೋ ಎಂದು. ಫೋನ್ ಬಡಿದುಕೊಂಡಿತು. "ಈಗೆಷ್ಟು?" ಅತ್ತೆ. ಹಿಂದಿನಿಂದ ಯಾರೋ ಗೇರು ಕಿರುಗುಟ್ಟಿಸುವ ಸದ್ದು. "ಕ್ಲಚ್ ಒತ್ತಮ್ಮಾ, ಕ್ಲಚ್! ನಿನಗಲ್ಲ ಗಿಲಕಿ, ನೀನು ಹೇಳು, ಎಷ್ಟು?"

ಹತ್ತೊಂಬತ್ತು ದಿನ. ಐದನೇ ತಾರೀಖಿಗೆ ಸಂಖ್ಯೆ ಸಾವಿರ ದಾಟಿತು. ನಾನು ಬಟ್ಟೆಯ ಕಪಾಟು ಮೂರು ಸಲ ಜೋಡಿಸಿದೆ. ಹನ್ನೊಂದಕ್ಕೆ ಸಾವಿರದ ನಾನೂರು. ಹಲ್ಲುಜ್ಜುವ ಪೇಸ್ಟೆಂದು ಅಪ್ಪನ ವಸಡಿನ ಮುಲಾಮಿನಿಂದ ಹಲ್ಲುಜ್ಜಿ ಅರ್ಧ ದಿನ ನಾಲಿಗೆ ಮರಗಟ್ಟಿಸಿಕೊಂಡೆ. ಮನೆಯಲ್ಲಿ ಅಷ್ಟು ಹೊತ್ತು ಮೌನ ಇದ್ದದ್ದು ಅದೇ ಮೊದಲು ಎಂದು ಅಮ್ಮ ಇಂದಿಗೂ ನೆನೆಯುತ್ತಾಳೆ. ಅವಳು ನನ್ನ ಅರ್ಜಿಯನ್ನು ಪೂರ್ತಿ ತುಂಬಿಸಿ, ಅಂಕದ ಜಾಗ ಒಂದನ್ನು ಖಾಲಿ ಬಿಟ್ಟು, ಒತ್ತುವುದಷ್ಟೇ ಬಾಕಿ ಎಂಬಂತೆ ಇಟ್ಟಿದ್ದಳು. ಅದಾದ ಮೇಲೂ ಸಂಜೆ ಪಾತ್ರೆ ತೊಳೆಯುವ ಅಪ್ಪನ ಪಕ್ಕದಲ್ಲಿ ಕೂತು ಅದೂ ಇದೂ ಕೇಳುತ್ತಾ ಏನೋ ಟೈಪ್ ಮಾಡುತ್ತಿದ್ದಳು. ಕೋರ್ಟಿನ ಕೆಲಸ ಮನೆಗೆ ತಂದಿದ್ದಾಳೆ ಎಂದುಕೊಂಡೆ.

ಇಪ್ಪತ್ತನೇ ತಾರೀಖು ಹನ್ನೊಂದು ಗಂಟೆಗೆ ಫಲಿತಾಂಶ. ಅಮ್ಮ ರಜೆ ಹಾಕಿದ್ದಳು. ಹತ್ತೂ ಐವತ್ತಕ್ಕೆ ಹೊರಗೆ ಬ್ರೇಕು ಚೀರಿತು. ಅತ್ತೆ ಪಾಠದ ಮಧ್ಯದಲ್ಲೇ ಶಿಷ್ಯೆಯ ಕೈಯಲ್ಲಿ ಕಾರು ಓಡಿಸಿಕೊಂಡು ಬಂದಿದ್ದರು. ಶಿಷ್ಯೆ ಬ್ಯಾಂಕಿನ ಮ್ಯಾನೇಜರಮ್ಮ. ಮುಂದಿನ ಒಂದು ಚಕ್ರ ನಮ್ಮ ಮೆಟ್ಟಿಲ ಮೇಲಿತ್ತು. "ಪರ್ವಾಗಿಲ್ಲ, ಅಲ್ಲೇ ಇರಲಿ, ಬನ್ನಿ ಒಳಗೆ!" ಎಂದು ಅತ್ತೆ ಅವರನ್ನೂ ಎಳೆದುಕೊಂಡು ಬಂದರು.

ಹನ್ನೊಂದಾಯಿತು. ಪುಟ ತೆರೆಯಲಿಲ್ಲ. ಬಿಳಿಯ ಪರದೆಯ ನಡುವೆ ಒಂದು ಚಕ್ರ ಸುಮ್ಮನೆ ಸುತ್ತುತ್ತಿತ್ತು. ಹನ್ನೊಂದೂ ಐದು. ತಟ್ಟನೆ ತೆರೆಯಿತು.

ನಾನೂರ ಅರುವತ್ತಾರು.

ನಾನು ಕಿರುಚಿದ್ದಕ್ಕೆ ಹಲಗೆಯ ಮೇಲಿನ ಅಚ್ಚೊಂದು ಬಿದ್ದು ಒಡೆಯಿತು. ಅತ್ತೆ ನನ್ನನ್ನು ಎತ್ತಿ ಒಂದು ಸುತ್ತು ಸುತ್ತಿಸಿದರು, ನನ್ನ ಗುರುತೂ ಇಲ್ಲದ ಮ್ಯಾನೇಜರಮ್ಮ ನನ್ನ ಕೆನ್ನೆ ಹಿಂಡಿದರು. ಅಪ್ಪ ಕಣ್ಣೊರೆಸಿಕೊಳ್ಳಲು ಹೋಗಿ ಎರಡೂ ಕಣ್ಣಿಗೆ ಪ್ಲಾಸ್ಟರಿನ ಪುಡಿ ಮೆತ್ತಿಕೊಂಡು, "ಅಯ್ಯೋ, ಉರಿ ಉರಿ!" ಎಂದು ಕುಣಿದಾಡಿದ.

ಈ ಗದ್ದಲದಲ್ಲಿ ಅಮ್ಮ ಮಾತ್ರ ಕೂತ ಜಾಗದಿಂದ ಏಳಲಿಲ್ಲ. ಅವಳ ಬೆರಳು ಇನ್ನೊಂದು ನಂಬರು ಒತ್ತುತ್ತಿತ್ತು.

"ಏನ್ರೀ," ಎಂದಳು ಅಮ್ಮ. ಅವಳ ದನಿ ವಿಚಿತ್ರವಾಗಿತ್ತು. "ಇಲ್ಲಿ ಬನ್ನಿ ಸ್ವಲ್ಪ."

ಪರದೆಯ ಮೇಲೆ ಅಪ್ಪನ ಹೆಸರಿತ್ತು. ಅದರ ಮುಂದೆ ನಾನೂರ ಎಂಬತ್ತಮೂರು.

ಅಪ್ಪ ಕೆಂಪು ಕಣ್ಣು ಕಿರಿದು ಮಾಡಿ ಓದಿದ, ಕನ್ನಡಕ ಹಾಕಿಕೊಂಡು ಮತ್ತೆ ಓದಿದ. "ಮಷೀನು ತಪ್ಪು ಮಾಡಿರ್ಬೇಕು," ಎಂದ.

ನಾನು ನಗಲು ಶುರು ಮಾಡಿದವಳು ನೆಲದ ಮೇಲೆ ಕೂತುಬಿಟ್ಟೆ. ಬಿಕ್ಕಳಿಕೆ ಹತ್ತಿತು. ಆ ಹದಿನೇಳು ಪ್ರಶ್ನೆಗಳು! ಅವನದೇ ಸರಿ, ನನ್ನದೇ ತಪ್ಪು! "ಸುಮ್ನೆ... ಜೊತೆಗೆ... ಕೂತಿರ್ತೀನಿ... ಅಂದೆಯಲ್ಲಪ್ಪಾ!" ಅಷ್ಟು ಹೇಳುವುದಕ್ಕೆ ನನಗೆ ಐದು ಬಿಕ್ಕಳಿಕೆ ಬೇಕಾದವು.

"ಕೂತಿದ್ದೆ," ಎಂದ ಅಪ್ಪ ತಪ್ಪಿತಸ್ಥನಂತೆ. "ಮೂರು ಗಂಟೆ ಸುಮ್ನೆ ಕೂತ್ಕೊಳ್ಳೋದು ಹೇಗೆ? ಪ್ರಶ್ನೆ ಬೇರೆ ಚೆನ್ನಾಗಿದ್ವು."

ಆಗ ಅಮ್ಮ ಇನ್ನೊಂದು ಕಿಟಕಿ ತೆರೆದಳು. ಅದು ಕಾಲೇಜಿಗೆ ಅಪ್ಪನ ಅರ್ಜಿ. ಹುಟ್ಟಿದ ದಿನ, ಶಾಲೆಯ ಪಟ್ಟಿ, ಫೋಟೋ ಎಲ್ಲ ತುಂಬಿತ್ತು. ಅಂಕದ ಜಾಗವಷ್ಟೇ ಖಾಲಿ.

"ಬೆರಳು ಸುಮ್ನಿರಲಿಲ್ಲ," ಎಂದಳು ಅಮ್ಮ.

ಅಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಛೇ ಛೇ, ಆಗಲ್ಲ. ಇರೋ ಜಾಗವೇ ಅಷ್ಟು. ನಾನು ಹೋಗಿ ಮಗಳ ಮುಂದೆ ಸಾಲಲ್ಲಿ ನಿಲ್ಲೋದಾ? ಗಿಲಕಿ, ನಿಂದು ಒತ್ತು. ಬೇಗ ಒತ್ತು."

ನಾನು ನೆಲದಿಂದ ಎದ್ದೆ. ಬಿಕ್ಕಳಿಕೆ ನಿಂತಿತ್ತು. "ನೀನು ಒತ್ತಿದ ಮೇಲೆ ನಾನು."

"ಹುಚ್ಚಾಟ ಆಡ್ಬೇಡ. ಸಂಖ್ಯೆ ನೋಡು!"

ಸಂಖ್ಯೆ ಸಾವಿರದ ಒಂಬೈನೂರ ಎಂಬತ್ತಿತ್ತು. ನನ್ನಂತೆ ಕಾದವರೆಲ್ಲ ಅಂಕ ಸಿಕ್ಕ ಕೂಡಲೇ ಒತ್ತುತ್ತಿದ್ದರು. ನಾವು ನೋಡುತ್ತಿದ್ದಂತೆಯೇ ಎರಡು ಸಾವಿರ. ಎರಡು ಸಾವಿರದ ಹದಿನಾಲ್ಕು.

"ಒತ್ತೇ!" ಎಂದು ಕೂಗಿದ ಅಪ್ಪ.

"ನೀನೇ ಒತ್ತು!" ಎಂದು ನಾನೂ ಕೂಗಿದೆ. "ಎರಡು ವರ್ಷ ನಾನು ಬಾಯಿ ಒಣಗಿಸ್ಕೊಂಡು ಓದಿದ್ದು ಯಾರಿಗೆ ಅನ್ಕೊಂಡೆ?"

"ಇಬ್ರಲ್ಲಿ ಯಾರಾದ್ರೂ ನುಗ್ರೋ!" ಎಂದು ಅತ್ತೆ ತಲೆ ತಲೆ ಚಚ್ಚಿಕೊಂಡರು. ಮ್ಯಾನೇಜರಮ್ಮ ಸಂಖ್ಯೆಯನ್ನು ಗಟ್ಟಿಯಾಗಿ ಓದತೊಡಗಿದರು. "ನಲವತ್ತೊಂದು... ನಲವತ್ತೆಂಟು... ಐವತ್ತೈದು..."

ಅಮ್ಮ ಗಂಟಲು ಸರಿಮಾಡಿಕೊಂಡಳು. ಅವಳು ಹಾಗೆ ಮಾಡಿದರೆ ಯಾಕೋ ಎಲ್ಲರೂ ಸುಮ್ಮನಾಗುತ್ತಾರೆ. "ಅರ್ಜಿಯಲ್ಲಿ, ಯಾಕೆ ಡಾಕ್ಟರಾಗ್ಬೇಕು ಅಂತ ಒಂದು ಪುಟ ಬರೀಬೇಕು. ಇವರು ಬರೆಯೋರಲ್ಲ ಅಂತ ನಾನು ಹೇಳಿಕೆ ತಗೊಂಡೆ, ಪಾತ್ರೆ ತೊಳೀವಾಗ. ಓದ್ತೀನಿ, ಕೇಳಿ." ಎಂದವಳೇ ಕೋರ್ಟಿನ ಧಾಟಿಯಲ್ಲಿ ಓದಿದಳು. "ಪ್ರಶ್ನೆ: ನಿಮಗೆ ಈ ಕೆಲಸದಲ್ಲಿ ಬೇಜಾರಿದೆಯೇ? ಉತ್ತರ: ಇಲ್ಲ. ಪ್ರಶ್ನೆ: ಹಾಗಾದರೆ ಮಗಳು ಓದುವಾಗ ಕೈಕೆಲಸ ನಿಲ್ಲಿಸಿ ಕೇಳುವುದು ಯಾಕೆ? ಉತ್ತರ: ಜನ ನನ್ನ ಹತ್ತಿರ ಎಲ್ಲ ಮುಗಿದ ಮೇಲೆ ಬರುತ್ತಾರೆ. ಹಲ್ಲೆಲ್ಲ ಹೋದ ಮೇಲೆ. ಇಪ್ಪತ್ತೆಂಟು ವರ್ಷದಿಂದ ಹೋದದ್ದಕ್ಕೆ ಬದಲಿ ಮಾಡಿ ಕೊಡುತ್ತಿದ್ದೇನೆ. ಒಂದು ಸಲವಾದರೂ ಹೋಗುವ ಮೊದಲೇ ಅಲ್ಲಿರಬೇಕು ಅನಿಸುತ್ತದೆ. ಪ್ರಶ್ನೆ: ಇದನ್ನು ಯಾರಿಗಾದರೂ ಹೇಳಿದ್ದೀರಾ? ಉತ್ತರ: ಇಲ್ಲ. ಆ ಬಾಣಲೆ ಇತ್ತ ಕೊಡು."

ಮ್ಯಾನೇಜರಮ್ಮ ಸಂಖ್ಯೆ ಓದುವುದನ್ನು ನಿಲ್ಲಿಸಿದ್ದರು. ಅತ್ತೆ ತಮ್ಮನ ಮುಖವನ್ನೇ ನೋಡುತ್ತಿದ್ದರು. ಅಪ್ಪ ಮೂಲೆಯ ನಲ್ಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದ, ಉಗುರಿನ ಸಂದಿಯನ್ನೂ ಬಿಡದೆ. ಪಂಚೆಗೆ ಒರೆಸಿಕೊಂಡು ಬಂದು ಕುರ್ಚಿಯ ಮೇಲೆ ಕೂತ. ಅಂಕದ ಜಾಗದಲ್ಲಿ ಒಂದೇ ಬೆರಳಿನಿಂದ ನಾಲ್ಕು, ಎಂಟು, ಮೂರು ಎಂದು ಒತ್ತಿದ. ಆಮೇಲೆ ಕಣ್ಣು ಮುಚ್ಚಿ ಕಳಿಸುವ ಗುಂಡಿ ಒತ್ತಿದ.

ಎರಡು ಸಾವಿರದ ನೂರ ಮೂವತ್ತೊಂದು.

ಅವನನ್ನು ಕುರ್ಚಿಯಿಂದ ತಳ್ಳಿ ನಾನು ಒತ್ತಿದೆ. ಎರಡು ಸಾವಿರದ ನೂರ ಮೂವತ್ತಮೂರು. ಅಪ್ಪ ಮಗಳ ನಡುವೆ ನುಸುಳಿದ ಆ ಪುಣ್ಯಾತ್ಮ ಯಾರೋ ಇವತ್ತಿಗೂ ಗೊತ್ತಿಲ್ಲ. ಅತ್ತೆ ಕುಣಿಯುತ್ತಾ ಹೊರಗೆ ಹೋಗಿ ಕಾರಿನ ಹಾರ್ನು ಒತ್ತಿದವರು ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬರುವ ತನಕ ಬಿಡಲಿಲ್ಲ.

ಪುಣ್ಯಕ್ಕೆ ಕರೆಗಳು ಇನ್ನೂ ಮುಗಿದಿರಲಿಲ್ಲ. ಸಂದರ್ಶನಕ್ಕೆ ಇಬ್ಬರಿಗೂ ಕರೆ ಬಂತು, ಒಂದೇ ವಾರದಲ್ಲಿ. ನನ್ನದು ಸುಸೂತ್ರವಾಗಿ ಮುಗಿಯಿತು. ಸಮಯ ಮುಗಿದ ಮೇಲೂ ನಾನು ಮಾತಾಡುತ್ತಿದ್ದೆ, ಅಷ್ಟೆ. ಅಪ್ಪ ಮಾತ್ರ ತನ್ನ ಸಂದರ್ಶನ ಮುಗಿಸಿ ಬಂದವನು ಕಾಲೇಜಿನ ಮುಂದಿನ ಕಲ್ಲುಬೆಂಚಿನ ಮೇಲೆ ತಲೆ ಹಿಡಿದುಕೊಂಡು ಕೂತ.

"ಏನಾಯ್ತಪ್ಪ?"

"ಕೆಟ್ಟೆ ಗಿಲಕಿ. ನಡುವೆ ಕೂತಿದ್ದ ದೊಡ್ಡ ಡಾಕ್ಟರು ಮಾತಾಡಿದಾಗಲೆಲ್ಲ ಕೆಳಗಿನ ಹಲ್ಲುಸೆಟ್ಟು ಟಕ್ ಟಕ್ ಅನ್ನೋದು. ನಾನು ತಡ್ಕೊಂಡೆ, ತಡ್ಕೊಂಡೆ. ಕೊನೆಗೆ, ಸಾರ್, ನಿಮ್ಮದು ಸಡಿಲ ಆಗಿದೆ, ಹೀಗೇ ಬಿಟ್ರೆ ವಸಡು ಹುಣ್ಣಾಗುತ್ತೆ ಅಂದ್ಬಿಟ್ಟೆ."

"ಅವರೇನಂದ್ರು?"

"ಆಗ್ಲೇ ಆಗಿದೆ ಅಂದ್ರು."

ನಾವು ಬಸ್ ನಿಲ್ದಾಣದ ತನಕ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ನಗುತ್ತಲೇ ಹೋದೆವು.

ಮೂರು ವಾರದ ಮೇಲೆ ನನಗೆ ಸೀಟು ಸಿಕ್ಕಿದ ಪತ್ರ ಬಂತು. ಅದೇ ದಿನ ಅಪ್ಪನಿಗೂ ಒಂದು ಪತ್ರ. ಕಾಯುವ ಪಟ್ಟಿಯಲ್ಲಿ ನಾಲ್ಕನೆಯವನು. "ನೋಡಿದ್ಯಾ, ಸರಿಯಾಗೇ ಆಯ್ತು. ನಿನಗೆ ಸಿಕ್ತಲ್ಲ, ನನಗೆ ಅಷ್ಟೇ ಸಾಕು," ಎಂದು ಅಪ್ಪ ನನ್ನ ಬೆನ್ನು ತಟ್ಟಿದ. ನಿಜಕ್ಕೂ ಅವನಿಗೆ ಖುಷಿಯಾಗಿತ್ತು. ಆದರೆ ದಿನಕ್ಕೆ ಎರಡು ಸಲ ಅಂಚೆಪೆಟ್ಟಿಗೆಯ ಮುಚ್ಚಳ ಎತ್ತಿ ನೋಡುವುದನ್ನೂ ಶುರು ಮಾಡಿದ. ಭಾನುವಾರವೂ ನೋಡುತ್ತಿದ್ದ.

ಫೋನ್ ಬಂದದ್ದು ಕಾಲೇಜು ಶುರುವಾಗಲು ಆರು ದಿನ ಇರುವಾಗ. ಅಪ್ಪನ ಕುರ್ಚಿಯಲ್ಲಿ ತುತ್ತೂರಿ ತಾತ ಕೂತಿದ್ದರು. ನಲವತ್ತು ವರ್ಷ ಬ್ಯಾಂಡಿನಲ್ಲಿ ತುತ್ತೂರಿ ಊದಿದವರು, ಹಲ್ಲಿಲ್ಲದೆ ಎಂಟು ತಿಂಗಳಿಂದ ಊದಲಾಗಿರಲಿಲ್ಲ. ಹೊಸ ಸೆಟ್ಟು ಕೂರುತ್ತದೋ ಇಲ್ಲವೋ ಎಂದು ಊದಿ ನೋಡಲು ತುತ್ತೂರಿಯನ್ನೂ ತಂದು ತೊಡೆಯ ಮೇಲಿಟ್ಟುಕೊಂಡಿದ್ದರು. ಅಪ್ಪನ ಎರಡೂ ಕೈ ಅವರ ಬಾಯಲ್ಲಿತ್ತು. ಅಮ್ಮ ಫೋನೆತ್ತಿ ಎಲ್ಲರಿಗೂ ಕೇಳುವಂತೆ ಹಿಡಿದಳು.

"ಕಾಲೇಜಿನ ಕಚೇರಿಯಿಂದ ಮಾತಾಡ್ತಿದೀವಿ," ಎಂದಿತು ಒಂದು ಹೆಣ್ಣು ದನಿ. "ಕಾಯುವ ಪಟ್ಟಿಯಿಂದ ನಿಮಗೊಂದು ಸೀಟು ಬಂದಿದೆ. ನಾಳೆ ಸಂಜೆ ಐದರೊಳಗೆ ಹೇಳ್ಬೇಕು, ಸೇರ್ತೀರಾ ಇಲ್ವಾ ಅಂತ."

ಅಪ್ಪನ ಕೈಗಳು ತಾತನ ಬಾಯಲ್ಲೇ ನಿಂತವು.

"ಹಲೋ? ಕೇಳಿಸ್ತಿದೆಯಾ? ಸೇರ್ತೀರಾ?"

"ಛೇರ್ತಾನೆ!" ಎಂದು ಗರ್ಜಿಸಿದರು ತಾತ, ಅಪ್ಪನ ಬೆರಳುಗಳ ಸಂದಿಯಿಂದ. "ಛೇರ್ತಾನಮ್ಮಾ, ಛೇರ್ತಾನೆ!"

"ಯಾರು ಮಾತಾಡ್ತಿರೋದು?" ಎಂದಿತು ದನಿ.

"ನಾನು... ಅವರು ನನ್ನ... ಹೂಂ, ಸೇರ್ತೀನಿ," ಎಂದ ಅಪ್ಪ. "ಸೇರ್ತೀನಿ ಅಂತ ಬರ್ಕೊಳ್ಳಿ. ಈಗ್ಲೇ ಬರ್ಕೊಳ್ಳಿ!"

ತಾತ ತುತ್ತೂರಿ ಎತ್ತಿದರು. ಸೆಟ್ಟು ಪೂರ್ತಿ ಕೂರಿಸಿರಲಿಲ್ಲ. ಮೊದಲ ಉಸಿರಿಗೆ ತುತ್ತೂರಿಯಿಂದ ಎಮ್ಮೆ ಕೂಗಿದಂಥ ಸದ್ದು ಬಂತು, ಎರಡನೆಯದಕ್ಕೆ ಮೇಲಿನ ಸೆಟ್ಟು ಹಾರಿ ಅಮ್ಮನ ಮಡಿಲಿಗೆ ಬಿತ್ತು. ಅಪ್ಪ ಅದನ್ನು ತೊಳೆದು, ಕೆರೆದು, ಕೂರಿಸಿ, ಅಂದು ಸಂಜೆಯೇ ಸರಿ ಮಾಡಿ ಕಳಿಸಿದ. ತಾತ ನಮ್ಮ ಬೀದಿಯ ಕೊನೆ ಮುಟ್ಟುವ ತನಕ ಊದುತ್ತಲೇ ಹೋದರು. ಅತ್ತೆ ಬಂದು ತಮ್ಮನ ಎರಡೂ ಕಿವಿ ಹಿಡಿದು ಎಳೆದು, "ಡಾಕ್ಟ್ರೇ!" ಎಂದರು. ಸಂಜೆ ಮತ್ತು ಭಾನುವಾರ ಹಲ್ಲಿನ ಕೆಲಸ, ಉಳಿದ ಹೊತ್ತು ಕಾಲೇಜು ಎಂದು ಅಮ್ಮ ಒಂದು ಪಟ್ಟಿ ಟೈಪ್ ಮಾಡಿ ಗೋಡೆಗೆ ಅಂಟಿಸಿದಳು. ಪಾತ್ರೆ ತೊಳೆಯುವ ಕೆಲಸ ಅಪ್ಪನಿಂದ ನನಗೆ ಬಂತು. ಆಕ್ಷೇಪಣೆಯನ್ನು ಅಮ್ಮ ದಾಖಲಿಸಿಕೊಳ್ಳಲಿಲ್ಲ.

ಮೊದಲ ದಿನ ಅಪ್ಪ ಹೊಸ ಅಂಗಿ ಹಾಕಿದ್ದ. ಹೆಗಲಿಗೆ ಚೀಲ. ತರಗತಿಗೆ ಒಂದು ಗಂಟೆ ಇರುವಾಗ ಮನೆ ಬಿಟ್ಟೆವು. ಬಸ್ಸಿನಲ್ಲಿ ಕಂಡಕ್ಟರು ಬಂದಾಗ ಅಪ್ಪ ವಿದ್ಯಾರ್ಥಿ ಪಾಸು ಚಾಚಿದ.

ಕಂಡಕ್ಟರು ಪಾಸು ನೋಡಿದ, ಅಪ್ಪನನ್ನು ನೋಡಿದ. "ಮಗಳದ್ದು ತೋರಿಸ್ತಿದೀರಲ್ಲ ಸಾರ್, ನಿಮ್ಮ ಟಿಕೆಟ್?"

"ನಂದು ಇದು," ಎಂದು ನನ್ನ ಪಾಸು ತೋರಿಸಿದೆ.

ಅವನು ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದ. ಒಂದೇ ಕಾಲೇಜು, ಒಂದೇ ವರ್ಷ. "ಹಾಗಾದ್ರೆ ಇವರು ಯಾರಮ್ಮ?"

"ನನ್ನ ಕ್ಲಾಸ್‌ಮೇಟು."

ಮುಂದಿನ ಸೀಟಿನವರು ತಿರುಗಿ ನೋಡಿದರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಅಪ್ಪ ಬೆನ್ನು ನೆಟ್ಟಗೆ ಮಾಡಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ತುಂಬಾ ಗಂಭೀರವಾಗಿ, "ಇವಳು ಸ್ವಲ್ಪ ಮಾತು ಜಾಸ್ತಿ. ಬೇರೆ ಬೆಂಚಲ್ಲಿ ಕೂತ್ಕೋಬೇಕು ಅಂತಿದೀನಿ," ಎಂದ. ಇಡೀ ಬಸ್ಸು ನಕ್ಕಿತು. ಕಂಡಕ್ಟರು ಕಣ್ಣೊರೆಸಿಕೊಂಡು ಅಪ್ಪನ ಕೈ ಕುಲುಕಿದ. ಆಮೇಲೆ ಬಸ್ಸಿನವರೆಲ್ಲ ಮಾತಿಗಿಳಿದರು. ಯಾರ ಸೀಟಿನಲ್ಲಿ ಯಾರು ಕೂತರು, ಯಾರು ಯಾರ ಅಪ್ಪನ ಕಥೆ ಹೇಳಿದರು ಎಂಬುದೆಲ್ಲ ನನಗೆ ಸರಿಯಾಗಿ ನೆನಪಿಲ್ಲ. ಕಿಟಕಿಯಾಚೆ ನೋಡಿದಾಗ ಕಾಲೇಜಿನ ನಿಲ್ದಾಣ ದಾಟಿ ಮೂರು ನಿಲ್ದಾಣವಾಗಿತ್ತು.

ಇಳಿದು ಓಡಿದೆವು. ಅಪ್ಪ ಚೀಲವನ್ನು ಎದೆಗವಚಿಕೊಂಡು ನನಗಿಂತ ಮುಂದಿದ್ದ. ಮೊದಲ ತರಗತಿಗೆ ನಾವು ತಲುಪುವಾಗ ಏಳು ನಿಮಿಷ ತಡವಾಗಿತ್ತು. ನೂರು ತಲೆಗಳು ಬಾಗಿಲ ಕಡೆ ತಿರುಗಿದವು, ಪಾಠ ಮಾಡುತ್ತಿದ್ದ ಮೇಡಂ ಮಾತು ನಿಲ್ಲಿಸಿದರು. ಅಪ್ಪನಿಗೆ ಏದುಸಿರು, ಮಾತು ಹೊರಡುತ್ತಿಲ್ಲ. ನನಗಂತೂ ನಗು ನಿಲ್ಲುತ್ತಿಲ್ಲ.

"ಒಳಗೆ ಬರಬಹುದಾ ಮೇಡಂ?" ಎಂದ ಅಪ್ಪ ಕೊನೆಗೂ. "ಇಬ್ಬರಿದೀವಿ."